ನಿನ್ನೆಯ ಸಾಲು

ಜೂನ್ 3, ಮಂಗಳವಾರ

ಮಳೆ 6.4 ಮಿಲಿಮೀಟರ್.

ಇದು ಗೆದ್ದಲು ಹಿಡಿದ ಹಳೆಯ ಮಳೆ ರಿಜಿಸ್ಟರು. ಹವಾಮಾನ ಆಫೀಸಿನವರು ಬೇಡವೆಂದು ಬಿಟ್ಟರು. ಹಿಂದಿನ ಹಾಳೆಗಳು ಚೆನ್ನಾಗಿದ್ದವು, ನಾನು ಇಟ್ಟುಕೊಂಡೆ. ಬೆಳಿಗ್ಗೆ ಎಂಟಕ್ಕೆ ಅಂಗಳದ ಡಬ್ಬಿಯಲ್ಲಿ ನಿಂತ ನೀರನ್ನು ಅಳತೆಯ ಗಾಜಿಗೆ ಸುರಿದು, ಅಂಕಿ ಬರೆದು, ಅತ್ತೆಯ ಮೈ ಒರೆಸಿ, ಚಹಾ ಕುಡಿಸಿದ ಮೇಲೆ ಅರ್ಧ ಗಂಟೆ ಬಿಡುವು. ಆಗ ಹಿಂದಿನ ದಿನದ್ದನ್ನು ಇಲ್ಲಿ ಬರೆಯುತ್ತೇನೆ, ಹಿಂದಿನ ದಿನದ ತಾರೀಖಿನಲ್ಲೇ. ಮಳೆಯನ್ನು ಬರೆಯುವುದೂ ಹಾಗೆಯೇ. ನಿನ್ನೆ ಬಿದ್ದದ್ದು ನಿನ್ನೆಯ ಸಾಲಿಗೆ. ದೇವರು ಒಂದು ದಿನಕ್ಕೆ ಕೊಟ್ಟ ನೀರನ್ನು ಇನ್ನೊಂದು ದಿನಕ್ಕೆ ಬರೆದರೆ ಸುಳ್ಳಾಗುತ್ತದೆ ಎಂದು ಅತ್ತೆ ಕಲಿಸಿದ್ದಾರೆ. ಅವರು ಇಪ್ಪತ್ತೇಳು ವರ್ಷ ಅಳೆದರು. ನಾನು ಅಳೆಯಲು ಹಿಡಿದು ಇಪ್ಪತ್ತೆರಡು.

ಮಧ್ಯಾಹ್ನ ಟಪಾಲಿನವನು ಗೇಟಿನಲ್ಲೇ ಕಾಗದ ಕೊಟ್ಟು ಹೋದ. ಕೈಯಿಂದ ಅಳೆಯುವ ಕೇಂದ್ರಗಳನ್ನು ಸೆಪ್ಟೆಂಬರ್ ಕೊನೆಗೆ ಮುಚ್ಚುತ್ತಾರಂತೆ. ಕೇಂದ್ರದ ಜೊತೆ ಕೊಟ್ಟಿರುವ ಈ ಮನೆಯನ್ನೂ ಖಾಲಿ ಮಾಡಬೇಕಂತೆ. ಎರಡು ಸಲ ಓದಿದೆ. ಎಂಟು ಗಂಟೆಯ ಕೆಲಸ ತಪ್ಪುತ್ತದೆ ಎಂದು ಮನಸ್ಸು ಒಂದು ಗಳಿಗೆ ಹಗುರಾಯಿತು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ರಾತ್ರಿಯೂ ನಾನು ಬೇರೆ ಕಡೆ ಮಲಗಿಲ್ಲ. ತಂಗಿಯ ಮದುವೆಗೂ ಅಳತೆ ಬರೆದು ಹೋಗಿ, ಹಾಗೇ ವಾಪಸು ಬಂದವಳು. ಆಮೇಲೆ ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಸೊಂಟದ ಕೆಳಗೆ ಬಲವಿಲ್ಲದ ಅತ್ತೆಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ತಂಗಿ ಬಾ ಎನ್ನುತ್ತಾಳೆ. ಅತ್ತೆ ಬರುವುದಿಲ್ಲ ಎನ್ನುತ್ತಾರೆ. ನಮ್ಮ ಯಜಮಾನರು ಹೋಗಿ ಹನ್ನೊಂದು ವರ್ಷವಾಯಿತು, ಇದ್ದಿದ್ದರೆ ತಾಯಿಗೆ ಅವರೇ ಹೇಳುತ್ತಿದ್ದರು.

ಕಾಗದವನ್ನು ಹಿಟ್ಟಿನ ಡಬ್ಬದ ಅಡಿಯಲ್ಲಿ ಇಟ್ಟೆ.


ಜೂನ್ 11, ಬುಧವಾರ

ಮಳೆ 31.0.

ವ್ಯಾನಿನಲ್ಲಿ ಇಬ್ಬರು ಬಂದರು. ಒಬ್ಬರು ಪ್ರೊಫೆಸರು, ಮೆಲ್ಲಗೆ ಮಾತಾಡುವವರು. ಅವರ ಜೊತೆ ಮೂವತ್ತರ ಆಸುಪಾಸಿನ ಹುಡುಗಿ, ಕೈಯಲ್ಲಿ ಮಡಚುವ ಕಂಪ್ಯೂಟರು. ಅಡುಗೆಮನೆಯಲ್ಲೇ ಕೂತರು, ಕುರ್ಚಿ ಇರುವುದು ಅಲ್ಲೇ.

ಭೂಮಿಯ ಮೇಲಿನ ಗಾಳಿಯನ್ನೆಲ್ಲ ಚೌಕ ಚೌಕ ಮಾಡಿಕೊಂಡು, ಒಂದೊಂದು ಚೌಕದಲ್ಲೂ ಬಿಸಿ ಎಷ್ಟು, ತೇವ ಎಷ್ಟು, ಗಾಳಿ ಯಾವ ಕಡೆಗೆ ಎಂದು ದೊಡ್ಡ ಕಂಪ್ಯೂಟರು ಲೆಕ್ಕ ಹಾಕಿ ನಾಳೆಯ ಮಳೆ ಹೇಳುತ್ತದಂತೆ. ಅದು ಹೇಳಿದ್ದು ಸರಿಯೋ ಎಂದು ನೋಡುವುದಕ್ಕೆ ನಮ್ಮಂಥವರ ಹಳೆಯ ಅಂಕಿಗಳು ಬೇಕು. ಮೂರು ಕಡೆಯವರು ಸೇರಿ ಮಾಡುವ ಕೆಲಸ. ಹುಡುಗಿ ಬಿಡಿಸಿ ಹೇಳಿದಳು: "ಅಂಕಿ ನಿಮ್ಮ ಆಫೀಸಿಂದು, ಲೆಕ್ಕ ಇನ್ನೊಂದು ಊರಿನವರದು, ಬಣ್ಣ ನಂದು." ಆಗಿನಿಂದ ನನಗೆ ಅವಳು ಬಣ್ಣದ ಹುಡುಗಿ.

ಪರದೆಯ ಮೇಲೆ ಬೆಟ್ಟ, ಹೊಳೆ, ಕೆಳಗಿನ ಬಯಲು ಎಲ್ಲ ಇತ್ತು. ಮಳೆ ಬಿದ್ದಲ್ಲಿ ನೀಲಿ, ಜೋರಾದಲ್ಲಿ ಕಡುನೀಲಿ. ದಿನಗಳು ಓಡಿದ ಹಾಗೆ ನೀಲಿ ಹರಡುತ್ತಿತ್ತು. ನಲವತ್ತು ಕೇಂದ್ರಗಳು ನಲವತ್ತು ಚುಕ್ಕೆ. ಅದರಲ್ಲಿ ಬೆಟ್ಟದ ಮೇಲಿನ ಒಂದು ಚುಕ್ಕೆ ಮಾತ್ರ ಪ್ರತಿ ಸಲವೂ ಮಿಕ್ಕ ಎಲ್ಲಕ್ಕಿಂತ ಒಂದು ದಿನ ಮೊದಲೇ ನೀಲಿಯಾಗುತ್ತಿತ್ತು. ಅದು ನಮ್ಮ ಅಂಗಳದ ಡಬ್ಬಿ. ತೇವದ ಗಾಳಿ ಮೊದಲು ತಾಗುವುದು ಈ ಬೆಟ್ಟದ ಮೂಲೆಗೇ ಇರಬೇಕು, ಲೆಕ್ಕಕ್ಕೆ ಸಿಗದ್ದು ನಿಮ್ಮ ಡಬ್ಬಿಗೆ ಸಿಕ್ಕಿದೆ ಎಂದರು ಪ್ರೊಫೆಸರು. ಈ ಕೇಂದ್ರ ಮುಚ್ಚುವ ಮಾತೇ ಇಲ್ಲ, ಬರೆದು ಕಳಿಸುತ್ತೇನೆ ಎಂದೂ ಹೇಳಿದರು.

ದೇವರು ದೊಡ್ಡವನು. ಹಿಟ್ಟಿನ ಡಬ್ಬದ ಅಡಿಯ ಕಾಗದ ಒಲೆಗೆ ಹಾಕಿದೆ.


ಜೂನ್ 12, ಗುರುವಾರ

ಒಳಗಿನ ಮಂಚದಿಂದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಇಡೀ ದಿನ ಅದೇ ಮಾತು. "ನಾನು ಇಪ್ಪತ್ತೇಳು ವರ್ಷ ಅಳೆದೆ, ಒಬ್ಬನೂ ಸೈಕಲ್‌ನಲ್ಲೂ ಬರ್ಲಿಲ್ಲ. ಇವಳು ಗಾಜು ತೊಳೆದಿಟ್ಟಿದ್ದಕ್ಕೆ ವ್ಯಾನ್ ಬಂತು." ಮೂಗು ಮುರಿದರೂ ಎರಡು ತುತ್ತು ಜಾಸ್ತಿ ಉಂಡರು.


ಜೂನ್ 20, ಶುಕ್ರವಾರ

ಮಳೆ 18.2.

ಬಣ್ಣದ ಹುಡುಗಿ ಒಬ್ಬಳೇ ಬಂದಳು, ಹಳೆಯ ರಿಜಿಸ್ಟರುಗಳ ಫೋಟೋ ತೆಗೆಯಲು. ಅವಳಿಗೆ ಈ ಚುಕ್ಕೆಯ ಮೇಲೆ ಬಹಳ ಆಸೆ. ಎಂಟು ತಿಂಗಳಿಂದ ಇದರ ಹಿಂದೆಯೇ ಇದ್ದಾಳೆ. ಇದರ ಬಗ್ಗೆ ಬರೆದದ್ದು ಅಚ್ಚಾದರೆ ಕೆಲಸ ಕಾಯಂ ಆಗುತ್ತದಂತೆ. ಊಟ ಮಾಡುವಾಗ ನನ್ನನ್ನು "ಅಮ್ಮ" ಎಂದು ಕರೆದಳು, ಸಾರನ್ನು ಎರಡು ಸಲ ಹಾಕಿಸಿಕೊಂಡಳು.

ನನಗೆ ತೋರಿಸಲೆಂದೇ ದೊಡ್ಡ ನೆರೆಯ ವರ್ಷ ತೆಗೆದಳು. ಆರು ವರ್ಷದ ಹಿಂದೆ, ಆಗಸ್ಟ್ ತಿಂಗಳು, ಹೊಳೆ ದಂಡೆಯ ಕೆಲಸಗಾರರ ಮನೆಗಳಿಗೆ ನೀರು ನುಗ್ಗಿದ್ದು. ಹದಿನಾಲ್ಕರಂದು ನಮ್ಮ ಚುಕ್ಕೆ ಕಡುನೀಲಿಯಾಯಿತು. ಕೆಳಗಿನದೆಲ್ಲ ಬೆಳ್ಳಗೇ ಇತ್ತು. ಹದಿನೈದಕ್ಕೆ ಇಡೀ ಬಯಲು ನೀಲಿ. "ನೋಡಿ ಅಮ್ಮ, ಪೂರ್ತಿ ಒಂದು ದಿನ ಮೊದ್ಲೇ ನಿಮ್ಗೆ ಗೊತ್ತಿತ್ತು" ಎಂದಳು.

ನನಗೆ ಏನೂ ಗೊತ್ತಿರಲಿಲ್ಲ. ಆ ಹದಿನಾಲ್ಕರ ಮಧ್ಯಾಹ್ನ ನಾನು ಕೆಳಗಿನ ಪಂಪ್‌ಹೌಸಿಗೆ ಫೋನು ಮಾಡಿದ್ದೆ. ಅಲ್ಲಿ ಮಳೆ ಅಳೆಯುವವನು ಪಂಪಿನಣ್ಣ. ಅವನ ಕಡೆ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು, ನನ್ನ ಕಡೆಯೂ ಬಡಿಯುತ್ತಿತ್ತು. ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಫೋನು ಇಟ್ಟೆವು. ಒಂದೇ ಹೊತ್ತು, ಒಂದೇ ಮಳೆ. ಹಾಗಿದ್ದರೆ ಪರದೆಯ ಮೇಲೆ ಒಂದು ದಿನ ಹೇಗೆ ಬಂತು?

ಹುಡುಗಿಗೆ ಹೇಳಲಿಲ್ಲ. ಏನೆಂದು ಹೇಳಲಿ, ನನಗೇ ಬಗೆಹರಿದಿಲ್ಲ.


ಜೂನ್ 21, ಶನಿವಾರ

ಮಳೆ 9.6.

ಪಂಪಿನಣ್ಣನಿಗೆ ಫೋನು ಮಾಡಿದೆ. ನೆರೆಯ ಮಳೆಯನ್ನು ಯಾವ ತಾರೀಖಿಗೆ ಬರೆದಿದ್ದೀಯ ನೋಡು ಎಂದೆ. ಪುಸ್ತಕ ಹುಡುಕಿ ಹದಿನೈದು ಎಂದ. ಮಳೆ ಹೊಯ್ದದ್ದು ಹದಿನಾಲ್ಕರ ಹಗಲು ಅಲ್ಲವೇನೋ ಎಂದೆ.

"ಹೌದಕ್ಕಾ. ಆದ್ರೆ ಅಳೆದಿದ್ದು ಹದಿನೈದು ಬೆಳಿಗ್ಗೆ ಅಲ್ವಾ? ಬೆಳಿಗ್ಗೆ ಅಳೆದಿದ್ದು ಬೆಳಿಗ್ಗೆ ಸಾಲಿಗೆ. ಟ್ರೈನಿಂಗ್‌ನಲ್ಲಿ ಮೊದಲ ದಿನವೇ ಹೇಳ್ತಾರಲ್ಲ. ನೀವು ಟ್ರೈನಿಂಗ್‌ಗೆ ಬಂದ್ರೆ ತಾನೇ."

ಬರಲಿಲ್ಲ. ಎಂಟು ಗಂಟೆಯ ಅಳತೆ ಬಿಟ್ಟು ಟ್ರೈನಿಂಗಿಗೆ ಹೇಗೆ ಹೋಗುವುದು? ಅತ್ತೆ ಕಲಿಸಿದ್ದೇ ನನ್ನ ಟ್ರೈನಿಂಗು.

ಫೋನು ಇಟ್ಟು ಗೋಡೆಗೆ ಒರಗಿ ಕೂತೆ. ಎಲ್ಲ ಕೇಂದ್ರದವರೂ ಅಳೆದ ದಿನದ ಸಾಲಿಗೆ ಬರೆಯುತ್ತಾರೆ. ನಾವು ಇಬ್ಬರು, ಅತ್ತೆ ಮತ್ತು ನಾನು, ಬಿದ್ದ ದಿನದ ಸಾಲಿಗೆ. ಅದಕ್ಕೇ ನಮ್ಮದು ಒಂದು ದಿನ ಮುಂದೆ. ಬೆಟ್ಟಕ್ಕೂ ಗಾಳಿಗೂ ಏನೂ ಸಂಬಂಧವಿಲ್ಲ. ತಿಂಗಳಿಗೊಮ್ಮೆ ಹಾಳೆ ಹೋಗುತ್ತದೆ, ಆಫೀಸಿನಲ್ಲಿ ಯಾರೋ ಟೈಪು ಮಾಡುತ್ತಾರೆ. ಎಂಟು ಗಂಟೆಗೆ ಎಲ್ಲಿ ನೀರು ಸುರಿದೆ, ಯಾವ ಸಾಲಿಗೆ ಪೆನ್ನು ಇಟ್ಟೆ ಎಂದು ನೋಡಿದವರು ಯಾರು?


ಜೂನ್ 22, ಭಾನುವಾರ

ಮಳೆ 4.2. ಪ್ರಾರ್ಥನೆಗೆ ಕೂತೆ. ಅರ್ಧಕ್ಕೇ ಎದ್ದು ಗಾಜು ತೊಳೆದಿಟ್ಟೆ.


ಜೂನ್ 30, ಸೋಮವಾರ

ಮಳೆ 12.8.

ಕಾಗದ ಬಂತು. ಕೇಂದ್ರ ಮುಂದುವರಿಯುತ್ತದೆ. ನನಗೆ ಅರವತ್ತು ತುಂಬುವವರೆಗೆ ಮನೆ ನಮ್ಮದೇ. ಅತ್ತೆ ಮೂರು ಸಲ ಓದಿಸಿದರು. "ನನ್ನ ಹೆಣ ಇಲ್ಲಿಂದಲೇ ಹೋಗುತ್ತೆ, ಬಿಡು" ಎಂದರು, ಲಾಟರಿ ಹೊಡೆದವರ ಹಾಗೆ ನಗುತ್ತ.

ಇನ್ನು ಹತ್ತು ವರ್ಷ. ಅಂಗಳಕ್ಕೆ ತಂತಿ ಬೇಲಿ, ಅದರೊಳಗೆ ಡಬ್ಬಿಗೆ ಇನ್ನೊಂದು ಬೇಲಿ. ಡಬ್ಬಿಯ ಬೇಲಿಗೆ ಬೀಗವಿದೆ, ಕೀಲಿ ನನ್ನ ಸೆರಗಿನ ತುದಿಯಲ್ಲಿದೆ. ಹೊರಗಿನ ಬೇಲಿಗೆ ಬೀಗವೇ ಇಲ್ಲ, ಬೇಕಾದಾಗ ತೆರೆದುಕೊಂಡು ಹೋಗಬಹುದು. ಹೋಗುವುದಿಲ್ಲ ಅಷ್ಟೆ.

ಯಾರಿಗೇನು ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಪರದೆಯ ಮೇಲೊಂದು ಚುಕ್ಕೆ. ಹುಡುಗಿಗೆ ಕೆಲಸ, ಅತ್ತೆಗೆ ಮಂಚ, ನನಗೆ ಸೂರು. ದೇವರೇ ಹೀಗೆ ಮಾಡಿಸಿರಬಹುದು. ಈ ಕೊನೆಯ ಮಾತು ಬರೆದ ಮೇಲೆ ಅಳಿಸಬೇಕು ಎನ್ನಿಸಿತು. ಪೆನ್ನಿನಲ್ಲಿ ಬರೆದದ್ದು, ಇರಲಿ.


ಜುಲೈ 9, ಬುಧವಾರ

ಮಳೆ 44.6.

ಪಂಪಿನಣ್ಣನೇ ಫೋನು ಮಾಡಿದ, ಖುಷಿಯಲ್ಲಿದ್ದ. "ನಿಮ್ಮ ಡಬ್ಬಿ ಜ್ಯೋತಿಷಿ ಆಗಿಬಿಟ್ಟಿದೆಯಂತಲ್ಲ ಅಕ್ಕಾ" ಎಂದ. ಆಗಸ್ಟ್ ಒಂದರಿಂದ ಹೊಸ ಏರ್ಪಾಡು. ನಾನು ಪ್ರತಿದಿನ ಎಂಟಕ್ಕೆ ಫೋನಿನಲ್ಲಿ ಅಂಕಿ ಕಳಿಸಬೇಕು. ಎಂಬತ್ತು ದಾಟಿದರೆ ದಂಡೆಯ ಮನೆಗಳಿಗೆ ಸುದ್ದಿ ಹೋಗುತ್ತದೆ, ಅವರಿಗೆ ಖಾಲಿ ಮಾಡಲು ಪೂರ್ತಿ ಒಂದು ದಿನ ಸಿಗುತ್ತದೆ. ಹಾಗಾಗಿ ಸೇತುವೆಯ ಮೇಲೆ ನೀರು ನೋಡಿ ಸೈರನ್ ಕೂಗಿಸುವ ಕಾವಲು ಇನ್ನು ಬೇಡ ಎಂದು ತೀರ್ಮಾನವಾಗಿದೆ. ಸೈರನ್ ಕೂಗಿದರೆ ಸಿಗುವುದು ಮೂರೇ ಗಂಟೆ, ಜನ ಬಿದ್ದು ಎದ್ದು ಓಡುತ್ತಾರೆ.

ಅವನ ಮನೆಯೂ ದಂಡೆಯಲ್ಲೇ. ತಾಯಿಗೆ ಉಬ್ಬಸ. ಸೈರನ್ ಕೂಗಿದಾಗಲೆಲ್ಲ ಬೆನ್ನ ಮೇಲೆ ಹೊತ್ತು ದಿಬ್ಬ ಹತ್ತುತ್ತಾನೆ. "ಇನ್ಮೇಲೆ ಹಿಂದಿನ ದಿನವೇ ನಿಧಾನಕ್ಕೆ ಆಟೋದಲ್ಲಿ ಕರ್ಕೊಂಡು ಹೋಗ್ತೀನಿ. ನಿಮ್ಮ ಡಬ್ಬಿ ಪುಣ್ಯ, ಅಕ್ಕಾ."

ನಾನು ಎಂಟು ಗಂಟೆಗೆ ಅಂಕಿ ಕಳಿಸುವ ಹೊತ್ತಿಗೆ ಅದೇ ಮಳೆ ಅವರ ತಲೆಯ ಮೇಲೂ ಸುರಿದು ಮುಗಿದಿರುತ್ತದೆ. ಒಂದು ದಿನ ಎನ್ನುವುದೇ ಇಲ್ಲ. ಮೂರು ಗಂಟೆಯೂ ಇರುವುದಿಲ್ಲ.

ಪ್ರೊಫೆಸರಿಗೆ ಫೋನು ಮಾಡಿದೆ. ನಮ್ಮಲ್ಲಿ ಮಳೆ ಬಂದಾಗಲೇ ಕೆಳಗೂ ಬರುತ್ತದೆ ಸಾರ್, ಒಟ್ಟಿಗೇ ಬರುತ್ತದೆ ಎಂದೆ. ಅವರು ನಕ್ಕರು, ಕೆಟ್ಟ ನಗೆಯಲ್ಲ. ಹಾಗೆ ಅನ್ನಿಸುವುದು ಸಹಜ, ಅಂಕಿ ಬೇರೆ ಹೇಳುತ್ತದೆ, ಆಫೀಸಿನವರು ಎಲ್ಲ ಪರೀಕ್ಷಿಸಿ ಕೊಟ್ಟಿದ್ದಾರೆ, ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದರು. ಅವರು ಕೇಳಲಿಲ್ಲ ಎಂದು ಇಲ್ಲಿ ಬರೆದರೆ ಅದೂ ಸುಳ್ಳಾಗುತ್ತದೆ. ಸಾಲಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಳಗಿನಿಂದ ಅತ್ತೆ ಕೆಮ್ಮಿದರು. ನಾನು ನುಂಗಿಕೊಂಡೆ.


ಜುಲೈ 10, ಗುರುವಾರ

ಮಳೆ 51.0.


ಜುಲೈ 13, ಭಾನುವಾರ

ಮಳೆ 38.4. ಮಂಜು ಇಳಿದು ಗೇಟು ಕಾಣಿಸುತ್ತಿರಲಿಲ್ಲ. ಹೇಳಿದರೆ ಮನೆ ಹೋಗುತ್ತದೆ, ಹೇಳದಿದ್ದರೆ ಪಂಪಿನಣ್ಣನ ತಾಯಿ. ಎರಡನ್ನೂ ತಕ್ಕಡಿಗೆ ಹಾಕಿ ತೂಗುತ್ತಿದ್ದೇನಲ್ಲ, ನಾನು ಎಂಥವಳಾಗಿದ್ದೇನೆ. ದೇವರ ಮುಂದೆ ದೀಪ ಹಚ್ಚಿದೆ, ಮುಖ ಎತ್ತಿ ನೋಡಲು ಆಗಲಿಲ್ಲ. ಗಾಜು ತೊಳೆಯುವಾಗ ಜಾರಿತು. ಒಡೆಯಲಿಲ್ಲ. ಒಡೆದಿದ್ದರೆ ಚೆನ್ನಾಗಿತ್ತು.


ಜುಲೈ 17, ಗುರುವಾರ

ಮಳೆ 22.2.

ಪ್ರತಿ ಬೆಳಿಗ್ಗೆ ನಾನು ಒಳಗೆ ಬರುವುದನ್ನೇ ಕಾಯುತ್ತಿದ್ದು ಅತ್ತೆ ಮಂಚದಿಂದ "ಎಷ್ಟು?" ಎನ್ನುತ್ತಾರೆ. ನಾನು ಅಂಕಿ ಹೇಳುತ್ತೇನೆ. ಅವರು ಹೂಂ ಎನ್ನುತ್ತಾರೆ. ಆಮೇಲೆಯೇ ಚಹಾ. ನಿನ್ನೆ ಬೆಳಿಗ್ಗೆ ಅವರು ಕೇಳಿದ್ದು ನನಗೆ ಕೇಳಿಸಲೇ ಇಲ್ಲವಂತೆ.

"ಮೂರು ವಾರದಿಂದ ನೋಡ್ತಿದ್ದೀನಿ. ನೀನು ಊಟ ಮಾಡ್ತಿಲ್ಲ, ತಟ್ಟೆ ಖಾಲಿ ಮಾಡ್ತಿದ್ದೀಯ. ಏನಾಗಿದೆ, ಬಾಯಿ ಬಿಡು."

ಮಂಚದ ಕೆಳಗೆ ಕೂತು ಎಲ್ಲ ಹೇಳಿದೆ. ಸಾಲು, ಚುಕ್ಕೆ, ಸೇತುವೆಯ ಕಾವಲು, ಪಂಪಿನಣ್ಣನ ತಾಯಿ. ಅವರು ಕಲಿಸಿದ್ದೇ ತಪ್ಪು ಎನ್ನುವ ಮಾತನ್ನು ಎಷ್ಟು ಸುತ್ತಿ ಬಳಸಿ ಹೇಳಿದರೂ ಕೊನೆಗೆ ಅದು ಅದೇ ಆಯಿತು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಮಧ್ಯಾಹ್ನ ಉಣ್ಣಲಿಲ್ಲ. ಸಂಜೆ ಬೆನ್ನಿಗೆ ಎಣ್ಣೆ ಹಚ್ಚುವಾಗಲೂ ಒಂದು ಮಾತಿಲ್ಲ, ಬೈಗುಳವೂ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.


ಜುಲೈ 18, ಶುಕ್ರವಾರ

ಮಳೆ 15.0.

ಬೆಳಿಗ್ಗೆ "ಎಷ್ಟು?" ಎನ್ನಲಿಲ್ಲ. ಮಂಚದ ಕೆಳಗಿನ ಟ್ರಂಕು ಎಳೆ ಎಂದರು. ಎಲ್ಲಕ್ಕಿಂತ ಅಡಿಯಲ್ಲಿದ್ದ ರಿಜಿಸ್ಟರು, ಅವರ ಮೊದಲನೆಯ ವರ್ಷದ್ದು. ತೆಗೆಸಿ ಎರಡನೆಯ ತಿಂಗಳ ಹಾಳೆ ತೋರಿಸಿದರು. ಅಂಚಿನಲ್ಲಿ ಕೆಂಪು ಶಾಯಿ, ಮಾಸಿದೆ, ಓದಬಹುದು. "ದಿನಾಂಕ ಗಮನಿಸಿ." ಕೆಳಗೆ ಸಹಿ.

"ಇನ್‌ಸ್ಪೆಕ್ಟರ್ ಬಂದಿದ್ದ. ಬೆಳಿಗ್ಗೆ ಅಳೆದಿದ್ದು ಬೆಳಿಗ್ಗೆ ಸಾಲಿಗೆ ಬರೀಬೇಕಮ್ಮಾ ಅಂದ. ನಿನ್ನೆ ಬಿದ್ದದ್ದನ್ನ ಇವತ್ತು ಬಿತ್ತು ಅಂತ ನನ್ನ ಕೈಲಿ ಬರೆಸ್ಬೇಡಿ, ದೇವರಿಗೆ ಉತ್ತರ ಕೊಡೋಳು ನಾನು ಅಂದೆ. ನಕ್ಕು ಸಹಿ ಹಾಕಿ ಹೋದ. ಮತ್ತೆ ಯಾರೂ ಬರ್ಲಿಲ್ಲ."

ನಾನು ಈ ಪುಸ್ತಕವನ್ನು ಎಷ್ಟು ಸಲ ಧೂಳು ಹೊಡೆದು ಎತ್ತಿಟ್ಟಿದ್ದೇನೋ, ಒಳಗೆ ಎಂದೂ ಬಿಡಿಸಿ ನೋಡಿರಲಿಲ್ಲ.

ಮನೆ ಹೋಗುತ್ತದೆ ಅತ್ತೆ ಎಂದೆ.

"ಮನೆ ಡಬ್ಬಿದು. ನಮ್ದು ಯಾವತ್ತಿತ್ತು?" ಎಂದರು. ರಿಜಿಸ್ಟರನ್ನು ನನ್ನ ಮಡಿಲಿಗೆ ತಳ್ಳಿದರು. "ನಾನೇ ಕಲಿಸಿದ್ದು ಅಂತ ಹೇಳು ಅವ್ರಿಗೆ. ಸ್ವಂತವಾಗಿ ಒಂದು ತಪ್ಪು ಮಾಡೋಷ್ಟು ಧೈರ್ಯ ನನ್ನ ಸೊಸೆಗಿಲ್ಲ ಅಂತ್ಲೂ ಹೇಳು."

ಆಮೇಲೆ ಚಹಾ ಕೇಳಿದರು. ಲೋಟ ಕೈಗೆ ಕೊಟ್ಟಾಗ ಎಷ್ಟು ಎಂದು ಕೇಳಿದರು. ಇಪ್ಪತ್ತೆರಡು ಪಾಯಿಂಟ್ ಎರಡು ಎಂದೆ. ಹೂಂ ಎಂದರು.


ಜುಲೈ 24, ಗುರುವಾರ

ಮಳೆ 7.4.

ಬೆಳಿಗ್ಗೆ ಅಳತೆ ಬರೆದು ಎಂಟೂವರೆಯ ಬಸ್ಸು ಹತ್ತಿದೆ. ಅತ್ತೆಯ ಹತ್ತಿರ ಪಂಪಿನಣ್ಣನ ಹೆಂಡತಿ ಕೂತಳು. ಬ್ಯಾಗಿನಲ್ಲಿ ನಮ್ಮ ಎರಡು ರಿಜಿಸ್ಟರು, ಕೆಂಪು ಶಾಯಿಯದ್ದೂ ನೆರೆಯ ವರ್ಷದ್ದೂ. ದಾರಿಯಲ್ಲಿ ಪಂಪ್‌ಹೌಸಿನ ಹತ್ತಿರ ಇಳಿದು ಅವನ ರಿಜಿಸ್ಟರನ್ನೂ ಕೇಳಿದೆ, ಯಾಕೆ ಬೇಕೆಂದೂ ಹೇಳಿದೆ. ಅವನು ಪುಸ್ತಕ ಕೊಡುವ ಮೊದಲು ನನ್ನ ಮುಖ ನೋಡಿದ.

"ನೀವು ಈ ತಾರೀಖು ಕೇಳಿ ಒಂದು ತಿಂಗಳ ಮೇಲಾಯ್ತಲ್ಲ ಅಕ್ಕಾ."

ಅಷ್ಟೇ ಅಂದ. ಹೌದು ಎಂದೆ. ಮುಂದಿನ ಬಸ್ಸು ಬರುವ ತನಕ ಇಬ್ಬರೂ ರಸ್ತೆಯ ಪಕ್ಕ ನಿಂತಿದ್ದೆವು. ಬಸ್ಸಿಗೆ ಕೈ ಅಡ್ಡ ಹಾಕಿದವನು ಅವನೇ.

ಮೂರು ಗಂಟೆಯ ದಾರಿ. ಅವರ ಕಟ್ಟಡದ ಮೆಟ್ಟಿಲು ನುಣ್ಣಗೆ, ನನ್ನ ಚಪ್ಪಲಿ ಜಾರುತ್ತಿತ್ತು. ದೊಡ್ಡ ಕೋಣೆ, ಗೋಡೆಯ ತುಂಬ ಪರದೆ. ಅದರಲ್ಲಿ ಚೌಕ ಚೌಕದೊಳಗೆ ಬೇರೆ ಬೇರೆ ಊರಿನ ಮುಖಗಳು. ಗಾಳಿಯನ್ನು ಚೌಕ ಮಾಡಿದ ಹಾಗೆ ಇವರೂ ಒಬ್ಬೊಬ್ಬರು ಒಂದೊಂದು ಚೌಕದಲ್ಲಿ ಕೂತಿದ್ದರು. ಆಗಸ್ಟ್ ಒಂದರ ಏರ್ಪಾಡಿನ ಮಾತು ನಡೆದಿತ್ತು. ಬಾಗಿಲಲ್ಲಿ ನನ್ನನ್ನು ನೋಡಿ ಬಣ್ಣದ ಹುಡುಗಿ ಎದ್ದು ಬಂದು ಕೈ ಹಿಡಿದಳು. ಇವರೇ ನಮ್ಮ ಚುಕ್ಕೆಯ ಅಮ್ಮ ಎಂದು ಎಲ್ಲರಿಗೂ ಹೇಳಿದಳು. ಚೌಕದವರೆಲ್ಲ ನಗುತ್ತ ಕೈ ಬೀಸಿದರು. ಅದು ಕಷ್ಟವಾಯಿತು.

ಮಾತು ಮರೆತರೆ ಎಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. ಸುಮ್ಮನೆ ಮೇಜಿನ ಮೇಲೆ ನಮ್ಮ ನೆರೆಯ ವರ್ಷದ ರಿಜಿಸ್ಟರು, ಪಕ್ಕದಲ್ಲಿ ಪಂಪ್‌ಹೌಸಿನದು, ಎರಡನ್ನೂ ಬಿಡಿಸಿಟ್ಟೆ. ಒಂದರ ಮೇಲೆ ಒಂದು ಬೆರಳು, ಇನ್ನೊಂದರ ಮೇಲೆ ಇನ್ನೊಂದು.

"ಈ ಮಳೆ, ಈ ಮಳೆ, ಎರಡೂ ಒಂದೇ ಮಧ್ಯಾಹ್ನ ಬಂದಿದ್ದು ಸಾರ್. ಅವನು ಅಳೆದ ದಿನಕ್ಕೆ ಬರೀತಾನೆ. ನಾವು ಬಿದ್ದ ದಿನಕ್ಕೆ ಬರೀತೀವಿ. ನನ್ನ ಡಬ್ಬಿಗೆ ಮುಂಚೆ ಏನೂ ಗೊತ್ತಾಗಲ್ಲ."

ಪ್ರೊಫೆಸರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಎರಡು ಹಾಳೆಯನ್ನೂ ಓದಿದರು. ಕೆಂಪು ಶಾಯಿ ತೋರಿಸಿದೆ, ಅದನ್ನೂ ಓದಿದರು. ಆಮೇಲೆ ಚೌಕಗಳು ಮಾತಾಡತೊಡಗಿದವು. ಬಂದದ್ದನ್ನು ಬಂದ ಹಾಗೆ ಟೈಪು ಮಾಡಿದೆವು, ಪರೀಕ್ಷೆ ಲೆಕ್ಕದವರದು ಎಂದುಕೊಂಡೆವು ಎಂದರು ಆಫೀಸಿನವರು. ಆಫೀಸಿನಿಂದ ಬಂದದ್ದು ಪರೀಕ್ಷೆಯಾಗಿಯೇ ಬಂದಿರುತ್ತದೆ ಎಂದುಕೊಂಡೆವು ಎಂದರು ಲೆಕ್ಕದವರು. ಒಂದು ಡಬ್ಬಿ ನೀರನ್ನು ಇಷ್ಟು ಜನ ಕೈಯಿಂದ ಕೈಗೆ ದಾಟಿಸಿದ್ದಾರೆ, ಒಬ್ಬರೂ ಒಳಗೆ ಬಗ್ಗಿ ನೋಡಿಲ್ಲ. ನಾನೂ ಅವರಲ್ಲಿ ಒಬ್ಬಳು.

ಹುಡುಗಿ ಎಲ್ಲ ವರ್ಷವೂ ಹೀಗೆಯೇ ಬರೆದದ್ದೇ ಎಂದು ಮಾತ್ರ ಕೇಳಿದಳು. ನಲವತ್ತೊಂಬತ್ತು ವರ್ಷ, ಒಂದು ದಿನವೂ ಬಿಡದೆ ಹೀಗೆಯೇ, ನನ್ನ ಅತ್ತೆ ಕಲಿಸಿದ್ದು ಎಂದೆ. ಧೈರ್ಯದ ಮಾತನ್ನೂ ಹೇಳಿದೆ, ಹೇಳು ಎಂದಿದ್ದರಲ್ಲ. ಯಾರೋ ನಕ್ಕು ಸುಮ್ಮನಾದರು. ಹುಡುಗಿ ಕೀಲಿಗಳನ್ನು ಒತ್ತಿ ನಮ್ಮ ಅಂಕಿಗಳನ್ನೆಲ್ಲ ಒಂದೊಂದು ಸಾಲು ಕೆಳಗೆ ಸರಿಸಿದಳು. ಮತ್ತೆ ದಿನಗಳು ಓಡಿದವು. ಹದಿನಾಲ್ಕಕ್ಕೆ ಎಲ್ಲ ಬೆಳ್ಳಗೆ. ಹದಿನೈದಕ್ಕೆ ಬೆಟ್ಟವೂ ಬಯಲೂ ಒಟ್ಟಿಗೇ ನೀಲಿ. ನಮ್ಮ ಚುಕ್ಕೆ ಯಾವುದೆಂದು ನನಗೇ ಗುರುತಾಗಲಿಲ್ಲ.

ಸೇತುವೆಯ ಕಾವಲು ತೆಗೆಯುವುದಿಲ್ಲ ಎಂದು ಪ್ರೊಫೆಸರು ನನ್ನೆದುರಿಗೇ ಬರೆಸಿದರು. ಇದರ ಮೇಲೆ ಕೇಂದ್ರ ಉಳಿಸಿಕೊಳ್ಳಲು ತಮ್ಮ ಹತ್ತಿರ ಕಾರಣವಿರುವುದಿಲ್ಲ ಎಂದೂ ಹೇಳಿದರು, ತಲೆ ಬಗ್ಗಿಸಿ. ಗೊತ್ತು ಸಾರ್ ಎಂದೆ.

ಹುಡುಗಿ ಬಸ್ ನಿಲ್ದಾಣದ ತನಕ ಬ್ಯಾಗು ಹಿಡಿದುಕೊಂಡು ಬಂದಳು. ಬಸ್ಸು ಬಂದಾಗ ಹೇಳಿದಳು: "ನಿಮ್ಮ ಮೇಲೆ ಕೋಪ ಮಾಡ್ಕೋಬೇಕು ಅಂತ ನೋಡ್ತಿದ್ದೀನಿ, ಆಗ್ತಿಲ್ಲ. ನಾಳೆ ಆಗಬಹುದು."

ಕೋಪ ಬಂದರೆ ಫೋನು ಮಾಡಿ ಬೈಯಿ ಮಗಳೇ ಎಂದೆ. ಕಿಟಕಿಯಿಂದ ಬ್ಯಾಗು ಕೊಟ್ಟಳು. ಊರು ಸೇರುವಷ್ಟರಲ್ಲಿ ಹೊಟ್ಟೆ ಹಸಿದಿತ್ತು. ಇಷ್ಟು ಹಸಿದು ಎಷ್ಟು ದಿನವಾಗಿತ್ತೋ.


ಜುಲೈ 31, ಗುರುವಾರ

ಮಳೆ 26.8. ಹುಡುಗಿ ಫೋನು ಮಾಡಿದಳು. ಬೈಯಲಿಲ್ಲ. ಸಾಲು ಸರಿಸಿದ ಮೇಲೆ ನಮ್ಮ ನಲವತ್ತೊಂಬತ್ತು ವರ್ಷದಲ್ಲಿ ಒಂದು ಅಂಕಿಯೂ ಪಕ್ಕದ ಕೇಂದ್ರಗಳೊಂದಿಗೆ ಜಗಳವಾಡುತ್ತಿಲ್ಲವಂತೆ. ಲೆಕ್ಕ ತಿದ್ದಲು ಇಷ್ಟು ಉದ್ದದ ಪಟ್ಟಿ ಬೇರೆಲ್ಲೂ ಅವಳಿಗೆ ಸಿಕ್ಕಿಲ್ಲ, ಅದರ ಮೇಲೆಯೇ ಹೊಸದಾಗಿ ಕೆಲಸ ಹಿಡಿದಿದ್ದಾಳೆ. ಕಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಯಿತು. ಅತ್ತೆಗೆ ಹೇಳಿದೆ. "ಮತ್ತೆ? ಅಂಕಿ ನಾನು ತಪ್ಪಿದ್ದೀನಾ?" ಎಂದರು.


ಆಗಸ್ಟ್ 19, ಮಂಗಳವಾರ

ಮಳೆ 141.0. ರಿಜಿಸ್ಟರಿನಲ್ಲಿ ಇದನ್ನು ಇಪ್ಪತ್ತರ ಸಾಲಿಗೆ ಬರೆದಿದ್ದೇನೆ, ಈಗ ಹಾಗೆಯೇ ಬರೆಯುವುದು. ಪೆನ್ನು ಇನ್ನೂ ಮೇಲಿನ ಸಾಲಿಗೆ ಹೋಗುತ್ತದೆ, ಎಳೆದು ತರಬೇಕು. ಈ ಪುಸ್ತಕ ನನ್ನದು, ಇಲ್ಲಿ ಹತ್ತೊಂಬತ್ತೇ ಇರಲಿ.

ಬೆಳಗಿನಿಂದಲೇ ಸುರಿಯಿತು. ಎರಡು ಗಂಟೆಗೆ ಸೇತುವೆಯ ಸೈರನ್ ಇಲ್ಲಿಗೂ ಕೇಳಿಸಿತು. ಅತ್ತೆ ನನ್ನ ಕೈ ಹಿಡಿದುಕೊಂಡರು, ಇಬ್ಬರೂ ಹಾಗೇ ಕೂತೆವು. ನಾಲ್ಕೂವರೆಗೆ ಪಂಪಿನಣ್ಣನ ಫೋನು. ಎಲ್ಲರೂ ದಿಬ್ಬದ ಶಾಲೆಯಲ್ಲಿದ್ದಾರೆ, ತಾಯಿಯೂ. ಬೆನ್ನ ಮೇಲೆ ಹೊತ್ತೇ ಹತ್ತಿದನಂತೆ. ಪಂಪ್‌ಹೌಸಿನ ಮೂರನೆಯ ಮೆಟ್ಟಿಲಿಗೆ ನೀರು ಬಂದಿದೆ, ಅವರ ಮನೆಯಲ್ಲಿ ಸೊಂಟದವರೆಗೆ. ಅವನ ಹಿಂದೆ ಮಳೆಯ ಸದ್ದು, ನನ್ನ ಹಿಂದೆಯೂ. ಕಿರುಚಿ ಮಾತಾಡಿದೆವು.

"ನಿಮ್ಮ ಜ್ಯೋತಿಷಿ ಏನಂತಾನೆ ಅಕ್ಕಾ?"

"ನಾಳೆ ಬೆಳಿಗ್ಗೆ ಎಂಟಕ್ಕೆ ಕೇಳು" ಎಂದೆ. ನಕ್ಕ. ಒಂದು ತಿಂಗಳಿಂದ ಅವನು ನನ್ನ ಜೊತೆ ನಕ್ಕಿರಲಿಲ್ಲ.


ಸೆಪ್ಟೆಂಬರ್ 30, ಮಂಗಳವಾರ

ಮಳೆ ಇಲ್ಲ. 0.0 ಎಂದು ಬರೆಯಬೇಕು, ಖಾಲಿ ಬಿಡಬಾರದು. ಬೀಳದಿದ್ದದ್ದೂ ಒಂದು ಅಳತೆಯೇ.

ಆಫೀಸಿನವರು ಬಂದು ಡಬ್ಬಿ ಕಿತ್ತರು. ಇಷ್ಟು ವರ್ಷ ನಿಂತ ಜಾಗದಲ್ಲಿ ಒಂದು ಬೆಳ್ಳನೆಯ ವೃತ್ತ ಉಳಿಯಿತು. ಅಳತೆಯ ಗಾಜನ್ನೂ ಕೇಳಿದರು. ಅತ್ತೆ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಒಡೆದುಹೋಯಿತು ಎಂದುಬಿಟ್ಟರು, ಕಣ್ಣು ಮಿಟುಕಿಸದೆ. ದೇವರಿಗೆ ಉತ್ತರ ಕೊಡುವವರು ಅವರೇ, ನಾನು ಸುಮ್ಮನಿದ್ದೆ. ಬೇಲಿಯ ಕೀಲಿ ಸೆರಗಿನಿಂದ ಬಿಚ್ಚಿ ಕೊಟ್ಟೆ. ಗಂಟು ಬಿಗಿದುಹೋಗಿತ್ತು, ಹಲ್ಲಿನಿಂದ ಬಿಚ್ಚಬೇಕಾಯಿತು.


ಅಕ್ಟೋಬರ್ 4, ಶನಿವಾರ

ತಂಗಿಯ ಮನೆ. ನಮಗೆ ಕೊಟ್ಟಿರುವ ಕೋಣೆಯ ಕಿಟಕಿ ಬೀದಿಗೆ. ಎದುರಿಗೆ ಹೊಲಿಗೆಯವನ ಅಂಗಡಿ, ಪಕ್ಕದಲ್ಲಿ ಸೈಕಲ್ ರಿಪೇರಿ. ಅತ್ತೆಗೆ ಮಂಚವನ್ನು ಕಿಟಕಿಗೆ ಆನಿಸಿ ಹಾಕಿಸಿದ್ದೇನೆ. ಬಂದ ದಿನದಿಂದ ಬೀದಿಯವರನ್ನೆಲ್ಲ ಬೈದುಕೊಂಡು ಚೆನ್ನಾಗಿದ್ದಾರೆ. ಹೊಲಿಗೆಯವನಿಗೆ ಗುಂಡಿ ಹಾಕಲು ಬರುವುದಿಲ್ಲವಂತೆ.

ಎಂಟು ಗಂಟೆಗೆ ಎದ್ದು ಬಾಗಿಲ ತನಕ ಹೋದೆ. ಕೈ ಖಾಲಿ ಇತ್ತು. ಹಾಗೇ ರಸ್ತೆಯ ಕೊನೆಯವರೆಗೆ ನಡೆದೆ, ಅಲ್ಲಿಂದ ಇನ್ನೊಂದು ರಸ್ತೆ, ಅದರ ಕೊನೆಗೊಂದು ಕೆರೆ. ಒಂದು ಗಂಟೆ ಕೂತಿದ್ದೆ. ಯಾರೂ ಕರೆಯಲಿಲ್ಲ.

ವಾಪಸು ಬರುವಾಗ ಮಳೆ ಹಿಡಿಯಿತು. ನೆನೆದುಕೊಂಡೇ ಒಳಗೆ ಬಂದೆ. ಅತ್ತೆ ಮಂಚದಿಂದ "ಎಷ್ಟು?" ಎಂದರು. ಆಮೇಲೆ ಅವರಿಗೇ ನೆನಪಾಗಿ ಬಾಯಿ ಮುಚ್ಚಿಕೊಂಡರು. ನಾನು ಕಿಟಕಿಯಿಂದ ಕೈ ಹೊರಗೆ ಚಾಚಿ, ಅಂಗೈಯಲ್ಲಿ ನಿಂತಷ್ಟನ್ನು ಅವರ ಕೈಗೆ ಸುರಿದೆ. ನೋಡಿದರು. ಹೂಂ ಎಂದರು.

ಈಗ ಹತ್ತು ಗಂಟೆ, ಇವತ್ತಿನದನ್ನು ಇವತ್ತೇ ಬರೆಯುತ್ತಿದ್ದೇನೆ. ಮಳೆ ಇನ್ನೂ ಬರುತ್ತಿದೆ, ನಿಲ್ಲುವ ಹಾಗೆ ಕಾಣುವುದಿಲ್ಲ. ಹಿತ್ತಲಲ್ಲಿ ತಂಗಿಯ ಬಟ್ಟೆಗಳಿವೆ, ಎದ್ದು ಒಳಗೆ ತರಬೇಕು.